ಜೋಡಿ ಬದಲಾಗಲಿ, ಅಖಾಡ ಬಿಡಬೇಡಿ



ದೀಪಾವಳಿ ಮುಗಿಯುತ್ತಲೇ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಆರಂಭವಾಗುತ್ತವೆ. ಕೊಬ್ಬರಿ ಹಾರ, ಬಲೂನು, ಬಣ್ಣದ ಜೂಲು ತೊಟ್ಟ ಹೋರಿ ಅಖಾಡಕ್ಕೆ ನುಗ್ಗುತ್ತದೆ. ಕೊಬ್ಬರಿ ಹರಿಯಲು ಯುವಕರು ಮುಗಿಬೀಳುತ್ತಾರೆ. ಬೇಲಿಯ ಈಚೆ ನಿಂತು ನೋಡುವವರಲ್ಲಿ ಐವತ್ತು ದಾಟಿದವರೂ ಇರುತ್ತಾರೆ. ಒಂದು ಕಾಲಕ್ಕೆ ತಾವೂ ಕೊಬ್ಬರಿ ಹರಿದವರು. ಅವರ ಕಾಲುಗಳು ನಿಂತಲ್ಲೇ ಚಡಪಡಿಸುವುದನ್ನು ನೀವು ನೋಡಿರಬಹುದು. ಆ ಕಾಲುಗಳು ನಿಮ್ಮವೇ ಆಗಿರಲೂಬಹುದು.

ಅಂಥ ಹೊತ್ತಿನಲ್ಲಿ ಮನಸ್ಸಿಗೆ ಎರಡು ಯೋಚನೆಗಳು ಬರುತ್ತವೆ. ಒಂದು, ಬೇಲಿ ಹಾರಿ ಒಳಗೆ ನುಗ್ಗಿ, ಇಪ್ಪತ್ತರ ಹುಡುಗರಿಗೆ ನಾವೇನೂ ಕಡಿಮೆ ಇಲ್ಲವೆಂದು ತೋರಿಸಿಬಿಡೋಣ ಎಂಬುದು. ಇನ್ನೊಂದು, "ಇನ್ನೇನದ, ನಮ್ಮದು ಮುಗೀತು" ಎಂದು ಮನೆಗೆ ಬಂದು ಕಟ್ಟೆಯ ಮೇಲೆ ಕೂತುಬಿಡುವುದು. ಮೊದಲನೆಯದು ಆಸ್ಪತ್ರೆಗೆ ಮುಟ್ಟಿಸುತ್ತದೆ, ಪ್ರಾಣಕ್ಕೂ ಎರವಾಗಬಹುದು. ಎರಡನೆಯದು ನಿಧಾನವಾಗಿ ಹಾಸಿಗೆಗೆ ಮುಟ್ಟಿಸುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದನ್ನು ನಮ್ಮ ಊರಿನ ಗರಡಿಮನೆಯೇ ನಮಗೆ ಕಲಿಸುತ್ತದೆ.

ಗರಡಿಮನೆಯ ಪಾಠ

ನಮ್ಮ ಕಡೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆಲ್ಲ ಗೊತ್ತಿರುವ ಮಾತಿದು. ಕುಸ್ತಿಯಲ್ಲಿ ಯಾರ ಮೇಲೆ ಯಾರನ್ನೋ ಬಿಡುವುದಿಲ್ಲ. ಮೊದಲು ಜೋಡಿ ಹಚ್ಚುತ್ತಾರೆ. ತೂಕ, ಕಸುವು, ಅನುಭವ ನೋಡಿ ಸರಿಸಮಾನರನ್ನು ಎದುರು ನಿಲ್ಲಿಸುತ್ತಾರೆ. ಜೋಡಿ ಸರಿಯಿದ್ದರೆ ಸೋತರೂ ಮಾನವಿದೆ, ಗೆದ್ದರೂ ರುಚಿಯಿದೆ. ಪೈಲ್ವಾನನಿಗೆ ವಯಸ್ಸಾದಾಗ ಅವನು ಗರಡಿಮನೆಗೆ ಬೆನ್ನು ತಿರುಗಿಸಬೇಕೆಂದೇನೂ ಇಲ್ಲ. ವಸ್ತಾದನಾಗಿ ಹುಡುಗರಿಗೆ ಪಟ್ಟು ಹೇಳಿಕೊಡುತ್ತಾನೆ. ಅವರೊಂದಿಗೆ ತಾನೂ ನಾಲ್ಕು ದಂಡ, ಹತ್ತು ಬಸ್ಕಿ ಹೊಡೆಯುತ್ತಾನೆ. ಎದುರಾಳಿ ಬದಲಾದರೂ ಅಖಾಡ ಬದಲಾಗುವುದಿಲ್ಲ.

ದೊಡ್ಡ ಕ್ರೀಡಾಲೋಕವೂ ಇದೇ ನಿಯಮವನ್ನು ಒಪ್ಪಿಕೊಂಡಿದೆ. ಹಿರಿಯರ ಜಾಗತಿಕ ಅಥ್ಲೆಟಿಕ್ಸ್‌ನಲ್ಲಿ 35 ವರ್ಷದಿಂದ ಮೇಲ್ಪಟ್ಟವರನ್ನು ಐದೈದು ವರ್ಷದ ಗುಂಪುಗಳಾಗಿ ವಿಂಗಡಿಸುತ್ತಾರೆ. ಗುಂಡು ಎಸೆತದಲ್ಲಿ ಯುವಕನು ಎಸೆಯುವ ಗುಂಡು 7.26 ಕಿಲೋ. ಐವತ್ತಾದವನಿಗೆ 6 ಕಿಲೋ, ಅರವತ್ತಾದವನಿಗೆ 5, ಎಪ್ಪತ್ತಕ್ಕೆ 4, ಎಂಬತ್ತಕ್ಕೆ 3. ಗುಂಡು ಹಗುರವಾಯಿತೆಂದು ಅಲ್ಲಿ ಯಾರೂ ನಾಚುವುದಿಲ್ಲ. ಹಾಗಿದ್ದರೆ ನಾವೇಕೆ ನಾಚಬೇಕು?

ದೇಹದಲ್ಲಿ ಆಗುವುದೇನು?

ಮೂವತ್ತು ದಾಟಿದ ಮೇಲೆ ನಮ್ಮ ಸ್ನಾಯುಗಳು ಹತ್ತು ವರ್ಷಕ್ಕೆ ಸುಮಾರು ಶೇಕಡಾ 3ರಿಂದ 8ರಷ್ಟು ಕರಗುತ್ತ ಹೋಗುತ್ತವೆ. ಅರವತ್ತರ ನಂತರ ಈ ವೇಗ ಇನ್ನೂ ಹೆಚ್ಚು. "ನಾವು ಹೊಲದಾಗ ದುಡಿಯೋರು, ನಮಗ್ಯಾಕ ವ್ಯಾಯಾಮ?" ಎಂದು ನೀವು ಕೇಳಬಹುದು. ಪ್ರಾಮಾಣಿಕವಾಗಿ ಯೋಚಿಸಿ ನೋಡಿ. ಎತ್ತಿನ ಹಿಂದೆ ನಡೆಯುತ್ತಿದ್ದ ಜಾಗದಲ್ಲಿ ಇಂದು ಟ್ರ್ಯಾಕ್ಟರ್ ಬಂದಿದೆ. ಕೊಡ ಹೊತ್ತು ತರುತ್ತಿದ್ದ ನೀರು ನಲ್ಲಿಯಲ್ಲಿ ಬರುತ್ತಿದೆ. ಹಾಲಿನ ಡೇರಿಗೆ ಹೋಗುವುದೂ ಬೈಕಿನ ಮೇಲೆಯೇ. ಕಷ್ಟ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಆ ಕಷ್ಟ ನಮಗರಿಯದಂತೆಯೇ ಕಾಪಾಡುತ್ತಿದ್ದ ಕಸುವನ್ನು ಈಗ ನಾವು ಅರಿತು ಕಾಪಾಡಿಕೊಳ್ಳಬೇಕಾಗಿದೆ.

ಕಸುವು ಹೋದದ್ದು ಮೊದಲು ತಿಳಿಯುವುದು ಸಣ್ಣ ಸಂಗತಿಗಳಲ್ಲಿ. ನೆಲದ ಮೇಲೆ ಊಟಕ್ಕೆ ಕೂತವರು ಏಳಲು ಕೈಯೂರಬೇಕಾಗುತ್ತದೆ. ಬಲಿಪೂಜೆಯಲ್ಲಿ ಮೊಣಕಾಲೂರಿದವರು ಮುಂದಿನ ಬೆಂಚನ್ನು ಹಿಡಿದೇ ಎದ್ದು ನಿಲ್ಲುತ್ತಾರೆ. ಬಚ್ಚಲಲ್ಲಿ ಕಾಲು ಜಾರಿದರೆ ದೇಹ ತನ್ನನ್ನು ತಾನು ತಡೆದುಕೊಳ್ಳುವುದಿಲ್ಲ. ಆಮೇಲೆ ಸೊಂಟದ ಮೂಳೆ ಮುರಿಯುತ್ತದೆ. ಮಗಳೋ ಸೊಸೆಯೋ ತಮ್ಮ ದುಡಿಮೆ ಬಿಟ್ಟು ಮನೆಯಲ್ಲಿ ಕೂರಬೇಕಾಗುತ್ತದೆ. ಆದ್ದರಿಂದ ಇದು ಮೈಕಟ್ಟಿನ ಜಂಬದ ಮಾತಲ್ಲ, ಇಡೀ ಮನೆಯ ನೆಮ್ಮದಿಯ ಮಾತು.

ಇದರ ಜೊತೆಗೆ ಒಂದು ಶುಭವಾರ್ತೆಯೂ ಇದೆ. 1990ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ವೈದ್ಯರು ವೃದ್ಧಾಶ್ರಮವೊಂದರ ಹತ್ತು ಮಂದಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅವರ ವಯಸ್ಸು 86ರಿಂದ 96. ಎಂಟು ವಾರ ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತ್ತು. ತೊಂಬತ್ತರಲ್ಲೂ ಸ್ನಾಯು ಮಾತು ಕೇಳುತ್ತದೆ ಎಂದಮೇಲೆ ಐವತ್ತೈದರಲ್ಲಿ "ಮುಗೀತು" ಎನ್ನುವುದು ಸತ್ಯವೇ?

ಸೋತು ಕೂತವರೊಬ್ಬರು ಮತ್ತೆ ಎದ್ದ ಬಗೆ

ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ಹೆಸರನ್ನು ನೀವು ಕೇಳಿರುತ್ತೀರಿ. ಒಬ್ಬರೇ ಆಡುವ ಸಿಂಗಲ್ಸ್ ಬಿಟ್ಟು, ಜೊತೆಗಾರನೊಂದಿಗೆ ಆಡುವ ಡಬಲ್ಸ್‌ಗೆ ಅವರು ಪೂರ್ತಿ ಮನಸ್ಸಿಟ್ಟರು. ನಲವತ್ತು ದಾಟುವ ಹೊತ್ತಿಗೆ ಎರಡೂ ಮೊಣಕಾಲುಗಳ ಮೃದ್ವಸ್ಥಿ ಸವೆದಿತ್ತು. ಐದು ತಿಂಗಳ ಕಾಲ ಒಂದು ಪಂದ್ಯವನ್ನೂ ಗೆಲ್ಲಲಾಗದೆ, ಇನ್ನು ಆಟ ನಿಲ್ಲಿಸುತ್ತೇನೆಂದು ಪತ್ನಿಗೆ ಸಂದೇಶ ಕಳಿಸಿದ್ದನ್ನು ಮುಂದೆ ಅವರೇ ಹೇಳಿಕೊಂಡರು. ಆದರೂ ನಿಲ್ಲಿಸಲಿಲ್ಲ. ಮೊಣಕಾಲಿಗಾಗಿ ಅಯ್ಯಂಗಾರ್ ಪದ್ಧತಿಯ ಯೋಗ ಹಿಡಿದರು. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಅವರೊಂದಿಗೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಅದೇ ವೇಳೆಗೆ ಡಬಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿದ ಅತಿ ಹಿರಿಯರೆನಿಸಿದರು. 2025ರ ನವೆಂಬರ್‌ನಲ್ಲಿ ತೃಪ್ತಿಯಿಂದ ನಿವೃತ್ತಿ ಘೋಷಿಸಿದರು.

ಆ ಯೋಗಪದ್ಧತಿಯನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರೂ ನಮ್ಮ ನಾಡಿನವರೇ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ರೋಗಗಳಿಂದ ನರಳಿದವರು. ಆದರೂ 2014ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ. ತೊಂಬತ್ತರ ನಂತರವೂ ಅಭ್ಯಾಸ ಬಿಟ್ಟಿರಲಿಲ್ಲ.

"ಹೆಣ್ಣುಮಕ್ಕಳಿಗೆ ಎಂಥ ಸ್ಪರ್ಧೆ?" ಎನ್ನುವವರು ಹರಿಯಾಣದ ಭಗವಾನಿ ದೇವಿಯವರನ್ನು ನೆನೆಯಬೇಕು. ಮೊಮ್ಮಗನ ಉತ್ತೇಜನದಿಂದ ಓಟಕ್ಕಿಳಿದ ಈ ಅಜ್ಜಿ, 2022ರಲ್ಲಿ ಫಿನ್‌ಲ್ಯಾಂಡಿನ ತಾಂಪೆರೆಯಲ್ಲಿ ನಡೆದ ಹಿರಿಯರ ವಿಶ್ವಕೂಟದಲ್ಲಿ 100 ಮೀಟರ್ ದೂರವನ್ನು 24.74 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಆಗ ಅವರಿಗೆ 94 ವರ್ಷ.

ಉತ್ಸಾಹ ಉಳಿಯಲು ಮೂರು ಆಸರೆ

ವ್ಯಾಯಾಮ ಶುರು ಮಾಡುವುದು ಕಷ್ಟವಲ್ಲ, ಮೂರನೆಯ ವಾರ ದಾಟುವುದು ಕಷ್ಟ. ಬರೀ ಮನಸ್ಸಿನ ಬಲವನ್ನು ನೆಚ್ಚಿದರೆ ಅದು ಮಳೆ ಬಂದ ದಿನ ಕೈಕೊಡುತ್ತದೆ. ಅದಕ್ಕೆ ಮೂರು ಆಸರೆ ಬೇಕು.

ಮೊದಲನೆಯದು, ಒಂದು ದಿನಾಂಕ. ಆರೋಗ್ಯ ಚೆನ್ನಾಗಿರಲಿ ಎಂಬ ಬಯಕೆಗೆ ಕೊನೆಯ ದಿನವಿಲ್ಲ. ಆದ್ದರಿಂದ ಅದನ್ನು ನಾಳೆಗೆ ಹಾಕುವುದು ಸುಲಭ. "ಬರುವ ಊರಹಬ್ಬದ ದಿನ ಮೂರು ಕಿಲೋಮೀಟರ್ ಬಿರುಸಾಗಿ ನಡೆದು ತೋರಿಸುತ್ತೇನೆ" ಎಂದರೆ ಮಾತಿಗೊಂದು ಗಡುವು ಬರುತ್ತದೆ.

ಎರಡನೆಯದು, ಒಬ್ಬ ಜೊತೆಗಾರ. ನಿಮ್ಮ ವಯಸ್ಸಿನವರು, ನಿಮ್ಮಷ್ಟೇ ಕಸುವಿನವರು. ಹೊರಗೆ ಒಬ್ಬರು ಕಾಯುತ್ತ ನಿಂತಿದ್ದಾರೆಂದು ಗೊತ್ತಾದರೆ ಹಾಸಿಗೆ ಬಿಡುವುದು ಸುಲಭವಾಗುತ್ತದೆ. ಒಬ್ಬರಿಗಿಂತ ಒಬ್ಬರು ಎರಡು ಹೆಜ್ಜೆ ಮುಂದೆ ಹೋಗುವ ಆಸೆಯಿದ್ದರೆ ತಪ್ಪೇನಿಲ್ಲ. ಅದು ದ್ವೇಷವಾಗದಿದ್ದರೆ ಸಾಕು. ದಂಪತಿಗಳೇ ಜೊತೆಗಾರರಾದರೆ ಇನ್ನೂ ಚೆನ್ನ.

ಮೂರನೆಯದು, ಒಂದು ಲೆಕ್ಕ. ನಿಮ್ಮ ನಿಜವಾದ ಎದುರಾಳಿ ಹೋದ ತಿಂಗಳಿನ ನೀವೇ. ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿ ಕೂರಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಮೊಮ್ಮಗನಿಂದ ಎಣಿಸಿ. 60ರಿಂದ 64 ವಯಸ್ಸಿನ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚೆಂದು ವೈದ್ಯರು ತಿಳಿಯುತ್ತಾರೆ. 70ರಿಂದ 74ರವರಿಗೆ ಈ ಸಂಖ್ಯೆ 12 ಮತ್ತು 10. ನಿಮ್ಮ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಮುಂದಿನ ತಿಂಗಳು ಒಂದು ಹೆಚ್ಚಾದರೆ ಅದೇ ನಿಮ್ಮ ಪದಕ.

ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ, ವಾರಕ್ಕೆ ಒಟ್ಟು 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ವಾರಕ್ಕೆ ಎರಡು ದಿನವಾದರೂ ಕಸುವಿನ ವ್ಯಾಯಾಮ. 65 ದಾಟಿದವರು ಇವುಗಳಲ್ಲಿ ಸಮತೋಲನದ ಅಭ್ಯಾಸಗಳನ್ನೂ ಸೇರಿಸಿಕೊಂಡು ವಾರಕ್ಕೆ ಮೂರು ದಿನ ಮಾಡಬೇಕು. ಇದಕ್ಕೆ ಜಿಮ್ ಬೇಡ. ಎರಡು ಕೈಚೀಲಗಳಲ್ಲಿ ಎರಡೆರಡು ಕಿಲೋ ಜೋಳ ಹಾಕಿ ಎತ್ತಿ ಇಳಿಸಿ. ಕುರ್ಚಿಯಿಂದ ಎದ್ದು ಕೂರಿ. ಗೋಡೆಗೆ ಕೈಯೂರಿ ದಂಡ ಹೊಡೆಯಿರಿ. ಗೋಡೆಯ ಪಕ್ಕ ಒಂಟಿ ಕಾಲಿನ ಮೇಲೆ ನಿಂತು ಹತ್ತು ಎಣಿಸಿ.

ಎಚ್ಚರಿಕೆಯ ಮಾತು

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಅದು ಛಲ ತೋರಿಸುವ ಹೊತ್ತಲ್ಲ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ.

ನಡೆಯುವ ಜಾಗವನ್ನೂ ನೋಡಿ ಆರಿಸಿ. ಹಾನಗಲ್ಲಿನವರಿಗೆ ಆನೆಕೆರೆಯ ಕಡೆ, ಸವಣೂರಿನವರಿಗೆ ದೊಡ್ಡ ಹುಣಸೆ ಮರಗಳ ಕಡೆ, ಹಿರೇಕೆರೂರಿನವರಿಗೆ ದುರ್ಗಾದೇವಿ ಕೆರೆಯ ಕಡೆ ಹೆಜ್ಜೆ ಹಾಕುವ ಅವಕಾಶವಿದೆ. ಶಿಗ್ಗಾವಿಯವರು ಮಾತ್ರ ರಾಷ್ಟ್ರೀಯ ಹೆದ್ದಾರಿಯ ಅಂಚು ಬಿಟ್ಟು ಹೊಲದ ದಾರಿಯನ್ನೋ ಶಾಲೆಯ ಮೈದಾನವನ್ನೋ ಹಿಡಿಯಲಿ. ಪಂಜಾಬಿನ ಫೌಜಾ ಸಿಂಗ್ ಅವರ ಕಥೆ ನಮಗೆ ಪಾಠವಾಗಲಿ. ಎಂಬತ್ತು ದಾಟಿದ ಮೇಲೆ, ಮಗನನ್ನು ಕಳೆದುಕೊಂಡ ದುಃಖದಲ್ಲಿ ಓಟಕ್ಕೆ ಮನಸ್ಸು ಕೊಟ್ಟ ಅವರು 2011ರಲ್ಲಿ ಟೊರೊಂಟೊ ಮ್ಯಾರಥಾನ್ ಪೂರೈಸಿದರು. ಪಾಸ್‌ಪೋರ್ಟ್ ಪ್ರಕಾರ ಆಗ ಅವರಿಗೆ ನೂರು ವರ್ಷ. ಜನನ ಪತ್ರವಿಲ್ಲವೆಂದು ಗಿನ್ನೆಸ್‌ನವರು ದಾಖಲೆ ಒಪ್ಪದಿದ್ದರೂ ಅವರು ಓಟ ನಿಲ್ಲಿಸಲಿಲ್ಲ. ಅಂಥವರನ್ನು 2025ರ ಜುಲೈನಲ್ಲಿ ಅವರ ಊರಿನ ಬಳಿಯ ರಸ್ತೆಯಲ್ಲಿ ವಾಹನವೊಂದು ಬಡಿದು ಬಲಿ ತೆಗೆದುಕೊಂಡಿತು.

ಸೋಲೂ ಬರುತ್ತದೆ

ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಓಟಗಾರನ ಶಿಸ್ತನ್ನು ಉದಾಹರಿಸಿದರು. ಆ ಊರಿನ ಸಮೀಪವೇ ದೊಡ್ಡ ಕ್ರೀಡಾಕೂಟ ನಡೆಯುತ್ತಿದ್ದುದರಿಂದ ಅಲ್ಲಿಯವರಿಗೆ ಆ ಮಾತು ಬೇಗ ತಿಳಿಯಿತು. ಆದರೆ ಆಟದಲ್ಲಿ ಶಿಸ್ತಿರುವಂತೆ ಸೋಲೂ ಇದೆ. ಎಷ್ಟು ಅಭ್ಯಾಸ ಮಾಡಿದರೂ ಒಂದು ದಿನ ನಿಮ್ಮ ಸಂಖ್ಯೆ ಏರುವುದನ್ನು ನಿಲ್ಲಿಸುತ್ತದೆ, ಆಮೇಲೆ ಇಳಿಯುತ್ತದೆ. ಜಗದ್ಗುರು ಎರಡನೇ ಜಾನ್ ಪೌಲ್ 1984ರಲ್ಲಿ, 64ನೆಯ ವಯಸ್ಸಿನಲ್ಲಿ, ಇಟಲಿಯ ಅಡಮೆಲ್ಲೊ ಪರ್ವತದ ಹಿಮದಲ್ಲಿ ಸ್ಕೀ ಆಡಿದವರು. ಮುಂದೆ ಪಾರ್ಕಿನ್‌ಸನ್ ಕಾಯಿಲೆಯಿಂದ ಕೈ ನಡುಗಿ, ಗಾಲಿಕುರ್ಚಿ ಹಿಡಿದರು. ಹಾಗೆಂದು ಅವರು ಜನರಿಂದ ಮರೆಯಾಗಲಿಲ್ಲ, ಅವರ ಘನತೆಯೂ ಕುಂದಲಿಲ್ಲ. ಕಾಯಿಲೆಯಿಂದ ಹಾಸಿಗೆ ಹಿಡಿದ ಅವ್ವನೋ ಅಪ್ಪನೋ ನಿಮ್ಮ ಮನೆಯಲ್ಲಿದ್ದರೆ, ಅವರು ಸೋತವರೆಂದು ತಿಳಿಯಬೇಡಿ. ನಾವು ಗಟ್ಟಿಯಾಗಿರಬೇಕಾದದ್ದು ಅವರನ್ನು ಎತ್ತಿ ಕೂರಿಸುವುದಕ್ಕಾಗಿಯೂ ಹೌದು.

ಕೊನೆಗೆ ಒಂದು ಸೂಚನೆ. ನಮ್ಮ ಧರ್ಮಕೇಂದ್ರಗಳ ಹಬ್ಬದ ಆಟೋಟಗಳಲ್ಲಿ ಮಕ್ಕಳಿಗೆ ಓಟ, ಯುವಕರಿಗೆ ಹಗ್ಗಜಗ್ಗಾಟ ಇಡುತ್ತೇವೆ. ಹಿರಿಯರಿಗೆ ಕುರ್ಚಿ ಹಾಕಿ ಕೂರಿಸುತ್ತೇವೆ. ಈ ಸಲ ಆ ಕುರ್ಚಿಗಳನ್ನೇ ಆಟಕ್ಕೆ ತನ್ನಿ. ಐವತ್ತು, ಅರವತ್ತು, ಎಪ್ಪತ್ತು ದಾಟಿದವರನ್ನು ಬೇರೆ ಬೇರೆ ಗುಂಪು ಮಾಡಿ, ಬಿರುಸು ನಡಿಗೆಯ ಪಂದ್ಯವನ್ನೂ ಎದ್ದು ಕೂರುವ ಪಂದ್ಯವನ್ನೂ ಇಡಿ. ಬಹುಮಾನ ಒಂದು ಸ್ಟೀಲ್ ಲೋಟವಾದರೂ ಸಾಕು. ಹೆಸರು ಕೊಟ್ಟ ದಿನದಿಂದಲೇ ಅವರ ಅಭ್ಯಾಸ ಶುರುವಾಗುತ್ತದೆ.

ಮನೆಯಲ್ಲಿ ಕೂತು ಮಾತಾಡಲು

1. ಹತ್ತು ವರ್ಷದ ಹಿಂದೆ ನಾನು ಸರಾಗವಾಗಿ ಮಾಡುತ್ತಿದ್ದ ಯಾವ ಕೆಲಸಕ್ಕೆ ಇಂದು ಆಸರೆ ಬೇಕಾಗಿದೆ?

2. ನನಗೆ ಸರಿಯಾದ ಜೋಡಿ ಯಾರು? ಇಂದು ಸಂಜೆಯೇ ಅವರನ್ನು ಕೇಳಬಲ್ಲೆನೇ?

3. ನಮ್ಮ ಮನೆಯ ಹಿರಿಯರಿಗೆ "ನೀವು ಸುಮ್ಮನೆ ಕೂತ್ಕೊಳ್ರಿ" ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತೇವೆ? ಅದು ಅವರಿಗೆ ಒಳ್ಳೆಯದನ್ನೇ ಮಾಡುತ್ತಿದೆಯೇ?