ಮೆಕ್ಕೆಜೋಳದ ಪಿಷ್ಟ: ಪರೀಕ್ಷಾ ಟಿಪ್ಪಣಿ

ಮೆಕ್ಕೆಜೋಳದ ಕಾಳನ್ನು ನೆನೆಸಿ ಅರೆದು, ಸಿಪ್ಪೆ, ಮೊಳಕೆಭಾಗ, ಪ್ರೋಟೀನ್ ಬೇರ್ಪಡಿಸಿದ ಮೇಲೆ ಉಳಿಯುವ ಬಿಳಿ ಪುಡಿಯೇ ಪಿಷ್ಟ. ಅಂಗಡಿಯಲ್ಲಿ ಇದಕ್ಕೆ ಕಾರ್ನ್‌ಫ್ಲೋರ್ ಎಂದು ಹೆಸರು. ಅಮೆರಿಕದಲ್ಲಿ 1842ರಲ್ಲಿ ಥಾಮಸ್ ಕಿಂಗ್ಸ್‌ಫರ್ಡ್ ಇದನ್ನು ಬೇರ್ಪಡಿಸಿದಾಗ ಮೊದಲ ಬಳಕೆ ಅಡುಗೆಗಲ್ಲ, ಬಟ್ಟೆಗೆ ಗಂಜಿ ಹಾಕಲು.

ಈ ಪಿಷ್ಟದಲ್ಲಿ ಅಮೈಲೋಸ್ ಸುಮಾರು 25%, ಉಳಿದದ್ದು ಅಮೈಲೋಪೆಕ್ಟಿನ್. ಸುಮಾರು 62–72 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಣಗಳು ನೀರು ಹೀರಿ ಉಬ್ಬುವುದರಿಂದ ಸೂಪು ಮಂದವಾಗುತ್ತದೆ. ಪುಡಿಯನ್ನು ನೇರವಾಗಿ ಬಿಸಿ ಸೂಪಿಗೆ ಸುರಿದರೆ ಗಂಟು ಕಟ್ಟುತ್ತದೆ. ತಣ್ಣೀರಿನಲ್ಲಿ ಕದಡಿಯೇ ಹಾಕಬೇಕು.

 ಗೋಬಿ ಮಂಚೂರಿಯ ಗರಿಗರಿಗೆ ಎಲ್ಲೆಡೆ ಬೇಕಾದದ್ದು ಈ ಪಿಷ್ಟವೇ. ಹಾಲು, ಪನ್ನೀರಿಗೆ ಪಿಷ್ಟ ಬೆರೆಸಿದ್ದರೆ ಅಯೋಡಿನ್ ದ್ರಾವಣದ ಹನಿಯಿಂದ ಕಡುನೀಲಿ ಬಣ್ಣ ಬರುತ್ತದೆ.