ತೆರೆದೂ ತೆರೆಯದ ಬಾಗಿಲು

ಅದೊಂದು ಶಾಲೆಯ ಗಣಕಕೊಠಡಿ. ವಿದ್ಯಾರ್ಥಿನಿಯೊಬ್ಬಳು ಲಿನಕ್ಸ್ ಯಂತ್ರದ ಮುಂದೆ ಕುಳಿತು ತನ್ನ ಹೆಸರನ್ನೂ ಗುಪ್ತಪದವನ್ನೂ ಒತ್ತುತ್ತಾಳೆ. ಪರದೆ ಕ್ಷಣಕಾಲ ಕಪ್ಪಾಗಿ, ಹೆಸರು ಕೇಳುವ ಮೊದಲಿನ ಪುಟವೇ ಮತ್ತೆ ಎದುರಾಗುತ್ತದೆ. ಎಷ್ಟು ಸಲ ಯತ್ನಿಸಿದರೂ ಇದೇ ಪಾಡು. ಅವಳು ವರ್ಷವಿಡೀ ಬರೆದ ಪ್ರಬಂಧಗಳೆಲ್ಲ ಅದರೊಳಗಿವೆ. ಮೇಲ್ವಿಚಾರಕರು 'ರೂಟ್' ಎಂಬ ಸರ್ವಾಧಿಕಾರದ ಹೆಸರಿನಿಂದ ಪ್ರವೇಶಿಸಿದರೆ ಯಂತ್ರ ಸಲೀಸಾಗಿ ತೆರೆದುಕೊಳ್ಳುತ್ತದೆ. "ನೀನೇ ಗುಪ್ತಪದ ಮರೆತಿರಬೇಕು" ಎಂದುಬಿಡುವುದು ಸುಲಭ; ಎಲ್ಲವನ್ನೂ ಅಳಿಸಿ ಲಿನಕ್ಸನ್ನು ಹೊಸದಾಗಿ ಸ್ಥಾಪಿಸುವುದೂ ಸುಲಭ. ಆದರೆ ಮೊದಲನೆಯದು ಅನ್ಯಾಯ, ಎರಡನೆಯದು ಅನಾಹುತ.

ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಪದ್ಧತಿ ಲಿನಕ್ಸಿಗೆ ಯುನಿಕ್ಸಿನಿಂದ ಬಂದುದು. ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಅದರ ಮಾದರಿಯನ್ನು ಅನುಸರಿಸಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹೊರತಂದರು. ಇದರಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ 'ಹೋಮ್' ಎಂಬ ಸ್ವಂತ ಮನೆಯುಂಟು. ಗುಪ್ತಪದ ಸರಿಯೆಂದು ಕಂಡ ಮೇಲೆ ಯಂತ್ರವು ಆ ಮನೆಯೊಳಗೆ ಕೆಲವು ಸಣ್ಣ ಕಡತಗಳನ್ನು ಬರೆಯುತ್ತದೆ. ಹಾಗೆ ಬರೆಯಲಾಗದಿದ್ದರೆ ಬಳಕೆದಾರನು ಹೊಸ್ತಿಲಿನಿಂದಲೇ ಹಿಂದಿರುಗಬೇಕಾಗುತ್ತದೆ.

ಆದುದರಿಂದ ಮೊದಲು ಪರೀಕ್ಷಿಸಬೇಕಾದುದು ಗುಪ್ತಪದವನ್ನು. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬಹುಪಾಲು ಲಿನಕ್ಸ್ ಯಂತ್ರಗಳಲ್ಲಿ ಅಕ್ಷರಗಳಷ್ಟೇ ಇರುವ ಸರಳ ಪರದೆ ಬರುತ್ತದೆ. ಅಲ್ಲಿ ಅದೇ ಗುಪ್ತಪದಕ್ಕೆ ಪ್ರವೇಶ ದೊರೆತರೆ ವಿದ್ಯಾರ್ಥಿನಿ ನಿರ್ದೋಷಿ. ಬಳಿಕ 'ಡಿಎಫ್' ಆಜ್ಞೆಯಿಂದ ಡಿಸ್ಕಿನಲ್ಲಿ ಎಷ್ಟು ಸ್ಥಳ ಉಳಿದಿದೆಯೆಂದು ನೋಡಬೇಕು. ಲಿನಕ್ಸಿನಲ್ಲಿ ವಿಶೇಷವಾಗಿ ಬಳಕೆಯಲ್ಲಿರುವ 'ಇಎಕ್ಸ್‌ಟಿ4' ಕಡತವ್ಯವಸ್ಥೆಯು ಸಾಮಾನ್ಯವಾಗಿ ನೂರಕ್ಕೆ 5ರಷ್ಟು ಸ್ಥಳವನ್ನು ರೂಟ್‌ಗೆ ಮೀಸಲಿಡುತ್ತದೆ. ಡಿಸ್ಕು ತುಂಬಿದಾಗ ಸಾಮಾನ್ಯರು ಹೊರಗುಳಿದರೂ ರೂಟ್ ಒಳಹೋಗುವುದು ಇದರಿಂದಲೇ. ಸ್ಥಳವಿದ್ದೂ ಬಾಗಿಲು ತೆರೆಯದಿದ್ದರೆ ಕಡತಗಳ ಒಡೆತನವನ್ನು ನೋಡಬೇಕು. ಯಾರೋ ರೂಟ್ ಅಧಿಕಾರದಿಂದ ಕೆಲಸ ಮಾಡುವಾಗ ಅವಳ ಮನೆಯ ಕಡತವೊಂದು ರೂಟ್‌ನ ವಶಕ್ಕೆ ಹೋಗಿರಬಹುದು. ಅದನ್ನು ಮರಳಿ ಅವಳ ಹೆಸರಿಗೆ ಮಾಡಿದರಾಯಿತು.

ಈ ಯಂತ್ರದ ಡಿಸ್ಕು ಯಾರಾರೋ ತುಂಬಿದ ಚಲನಚಿತ್ರಗಳಿಂದ ಭರ್ತಿಯಾಗಿತ್ತು. ಬೇಡವಾದವನ್ನು ತೆಗೆದೊಡನೆ ವಿದ್ಯಾರ್ಥಿನಿಗೆ ಪ್ರವೇಶ ದೊರೆಯಿತು. ಪ್ರಬಂಧಗಳಲ್ಲಿ ಒಂದಕ್ಷರವೂ ಅಳಿದಿರಲಿಲ್ಲ. ಅಧಿಕಾರವುಳ್ಳವನಿಗೆ ತೆರೆಯುವ ಬಾಗಿಲು ಎಲ್ಲರಿಗೂ ತೆರೆದಿದೆಯೆಂದು ತಿಳಿಯಬಾರದು. ಹೊರಗೆ ನಿಂತವರ ಸ್ಥಾನದಲ್ಲಿ ನಿಂತು ನೋಡಿದಾಗಲೇ ದೋಷ ಎಲ್ಲಿದೆಯೆಂಬುದು ಗೋಚರವಾಗುತ್ತದೆ.