ವಕೀಲರ ಆಯ್ಕೆ: ಪಟ್ಟಿ ಮತ್ತು ಅಂಕಗಳನ್ನು ಎಷ್ಟು ನಂಬಬಹುದು?

ಅಥಣಿ ತಾಲ್ಲೂಕಿನ ಸತ್ತಿ ಮತ್ತು ಸುತ್ತಲಿನ ಗ್ರಾಮಗಳ ರೈತರಿಗೆ ವಕೀಲರ ಅವಶ್ಯಕತೆ ಬೀಳುವುದು ಹೆಚ್ಚಾಗಿ ಭೂಸ್ವಾಧೀನದ ಪರಿಹಾರ, ಹಿಸ್ಸೆ ಹಾಗೂ ಬದುವಿನ ತಂಟೆಗಳಲ್ಲಿ. ಈಗ ಮೊಬೈಲಿನಲ್ಲಿ ಹುಡುಕಿದರೆ ವಕೀಲರ ಪಟ್ಟಿಗಳೂ, ಹೆಸರಿನ ಮುಂದೆ ಐದಕ್ಕೆ ಇಷ್ಟು ನಕ್ಷತ್ರವೆಂಬ ಅಂಕಗಳೂ ಸಿಗುತ್ತವೆ. ಅವನ್ನು ನೋಡಿ ವಕಾಲತ್ತಿಗೆ ಸಹಿ ಹಾಕುವ ಮೊದಲು ಅವು ಹೇಗೆ ತಯಾರಾಗುತ್ತವೆಂಬುದನ್ನು ತಿಳಿಯಬೇಕು.

ಬೀಜದ ಚೀಲವನ್ನೇ ತೆಗೆದುಕೊಳ್ಳಿ. ನೀಲಿ ಚೀಟಿಯನ್ನು ಪ್ರಮಾಣನ ಸಂಸ್ಥೆ ಕೊಡುತ್ತದೆ. ಹಸಿರು ನಿಜಚೀಟಿಯಲ್ಲಿ ಉತ್ಪಾದಕನೇ ಗುಣ ಬರೆದಿರುತ್ತಾನೆ. ಖಾಸಗಿ ಪಟ್ಟಿಯ ವಿವರ ಸಾಮಾನ್ಯವಾಗಿ ಎರಡನೆಯ ಬಗೆಯದು. ನಕ್ಷತ್ರಗಳದು ಇನ್ನೂ ದುರ್ಬಲ ಆಧಾರ. ಯಾವ ದಾವೆಯಲ್ಲೂ ಒಬ್ಬರು ಸೋಲಲೇಬೇಕು. ಸೋತವನ ಸಿಟ್ಟು, ಗೆದ್ದವನ ಹಿಗ್ಗು ಎರಡೂ ಅಂಕಗಳಾಗುತ್ತವೆ. ಐದಾರು ಜನರ ಅಭಿಪ್ರಾಯವೆಂದರೆ ಒಂದೇ ಮಡಿಯ ಇಳುವರಿ ನೋಡಿ ತಳಿಯ ಯೋಗ್ಯತೆ ಹೇಳಿದಂತೆ. ಬರೆದವರು ನಿಜವಾದ ಕಕ್ಷಿದಾರರೋ ಅಲ್ಲವೋ ಎಂಬುದೂ ಗೊತ್ತಾಗುವುದಿಲ್ಲ.

ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮವು ವಕೀಲರು ಜಾಹೀರಾತು ಮಾಡುವುದನ್ನು ನಿಷೇಧಿಸಿದೆ. 2008ರ ತಿದ್ದುಪಡಿಯಿಂದ ತಮ್ಮ ಅಂತರ್ಜಾಲ ಪುಟದಲ್ಲಿ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆಗಳಂಥ ವಿವರ ಕೊಡಲು ಮಾತ್ರ ಅವಕಾಶವಾಯಿತು. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ಪಟ್ಟಿ ಸೇವೆಗಳ ವಿರುದ್ಧ ಕ್ರಮಕ್ಕೆ ಪರಿಷತ್ತಿಗೆ ಸೂಚಿಸಿತು. ಆದ್ದರಿಂದ ತನ್ನ ಹೊಗಳಿಕೆಯನ್ನು ತಾನೇ ಹರಡುವ ವಕೀಲರ ವಿಷಯದಲ್ಲಿ ಸಂಶಯವಿರಲಿ.

ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಿರಿ. ಅದು ವಕೀಲಿಗೆ ಅರ್ಹತೆ ಇದೆಯೆಂದು ತೋರಿಸುತ್ತದೆಯೇ ಹೊರತು ಜಾಣ್ಮೆಯನ್ನಲ್ಲ. ಜಾಣ್ಮೆಗೆ ಕೆಲಸವನ್ನೇ ನೋಡಬೇಕು. ಇ-ಕೋರ್ಟ್ಸ್ ಸೇವೆಯಲ್ಲಿ ವಕೀಲರ ಹೆಸರಿನಿಂದ ಪ್ರಕರಣ ಹುಡುಕಬಹುದು. ಭೂಸ್ವಾಧೀನದ ಪ್ರಕರಣ ನಡೆಸಿದ್ದಾರೆಯೇ, ಅಥವಾ ಮುದ್ದತ್ತು ಕೇಳುತ್ತಲೇ ಇದ್ದಾರೆಯೇ ನೋಡಿರಿ. ಅಂಥ ಪ್ರಕರಣ ನಡೆಸಿದ ಇಬ್ಬರು ಮೂವರು ರೈತರನ್ನು ಕೇಳುವುದೂ ಒಳ್ಳೆಯದು, ಸೋತವರನ್ನೂ ಸೇರಿಸಿ. ಪರಿಹಾರದಲ್ಲಿ ನೂರಕ್ಕೆ ಇಷ್ಟು ಎಂದು ಫೀ ಗೊತ್ತುಮಾಡುವುದು 20ನೇ ನಿಯಮಕ್ಕೆ ವಿರುದ್ಧ. ಹೊಲ ಕಳೆದುಕೊಂಡವರ ಹಣ ಹೆಚ್ಚಾಗಿ ಸೋರುವುದು ಇಲ್ಲಿಯೇ. ಫೀಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಹುಡುಕಾಟದಲ್ಲಿ ಅವಧಿ ಮೀರಬಾರದು. 2013ರ ಭೂಸ್ವಾಧೀನ ಕಾಯ್ದೆಯ 64ನೇ ಕಲಮಿನಂತೆ, ಐತೀರ್ಪಿನ ವೇಳೆ ತಾವು ಅಥವಾ ಪ್ರತಿನಿಧಿ ಹಾಜರಿದ್ದರೆ 6 ವಾರಗಳೊಳಗೆ ಆಕ್ಷೇಪಣೆಯ ಅರ್ಜಿ ಕೊಡಬೇಕು. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ನೆರೆ ಸಂತ್ರಸ್ತರಿಗೆ 1987ರ ಕಾಯ್ದೆಯಂತೆ ಉಚಿತ ಕಾನೂನು ನೆರವುಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು ಇಲ್ಲವೆ 15100ಕ್ಕೆ ಕರೆ ಮಾಡಬಹುದು. ಹೋಗುವಾಗ ನೋಟಿಸು, ಐತೀರ್ಪಿನ ಪ್ರತಿ, ಉತಾರ ಜೊತೆಗಿರಲಿ.